ರಕ್ತ ಕೊಡದ ರಕ್ತದಾನಿ

ನಿವೃತ್ತಳಾದ ಮೇಲೆ ನನ್ನ ಮನೆಗೆ ಬರುವ ಕಿರಿಯ ವೈದ್ಯೆಯರು ಮೊದಲು ಕೇಳುವುದು ಕಷ್ಟದ ಹೆರಿಗೆಗಳ ಬಗ್ಗೆ. ಮಗು ಅಡ್ಡ ತಿರುಗಿದ್ದು, ಹೊಲಿಗೆ ಹಾಕುವಾಗ ಕರೆಂಟು ಹೋದದ್ದು, ಇಂಥವು ಅವರಿಗೆ ಬಹಳ ಇಷ್ಟ. ನಾನೂ ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳುತ್ತೇನೆ. ಆದರೆ ನನ್ನ ಬೆವರಿಳಿಸಿದ ಗಳಿಗೆಗಳು ಬೇರೆ. ಎದುರಿನ ಕುರ್ಚಿಗಳಲ್ಲಿ ಗಂಡ ಹೆಂಡತಿ ಇಬ್ಬರೂ ಗಟ್ಟಿಮುಟ್ಟಾಗಿ ಕುಳಿತು, “ಎಲ್ಲಾ ಬರೋಬರಿ ಅದ ಅಂತೀರಿ. ಮತ್ತ ಬಸಿರು ಯಾಕ ನಿಲ್ಲವಲ್ದು?” ಎಂದು ಕೇಳುತ್ತಿದ್ದ ಗಳಿಗೆಗಳು ಅವು.

ನಾನು ಕೆಲಸ ಕಲಿತ ಕಾಲದಲ್ಲಿ ಇದಕ್ಕೆ ಉತ್ತರ ಸುಲಭವಿತ್ತು. ಹೆಂಡತಿಯನ್ನು ಮಲಗಿಸುವುದು. ನಮ್ಮ ಹಿರಿಯ ವೈದ್ಯೆಯನ್ನು ಎಲ್ಲರೂ ದೊಡ್ಡಬಾಯಿ ಎನ್ನುತ್ತಿದ್ದರು. ನಮ್ಮ ಕಡೆ ಡಾಕ್ಟರಮ್ಮನಿಗೆ ಗೌರವದಿಂದ ಬಾಯಿ ಎನ್ನುವುದು ರೂಢಿ. ಅವರ ವಿಷಯದಲ್ಲಿ ಆ ಹೆಸರು ಎರಡೂ ಅರ್ಥದಲ್ಲಿ ಸರಿಹೊಂದುತ್ತಿತ್ತು. ಒಂದೆರಡು ಸಲ ಗರ್ಭ ಇಳಿದವಳು ಮತ್ತೆ ಬಸಿರಾದಳೆಂದರೆ ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿಸುತ್ತಿದ್ದರು. ತಲೆ ಕೆಳಗೆ, ಕಾಲು ಮೇಲೆ, ತಿಂಗಳುಗಟ್ಟಲೆ ಹಾಗೆಯೇ. ಒಂದು ದಿನ ವಾರ್ಡಿನಲ್ಲಿ ಒಬ್ಬಾಕೆ ಬಹಳ ವಿನಯದಿಂದ ಕೇಳಿದಳು: “ಬಾಯೀರಿ, ಈ ಕಡಿ ಇಟ್ಟಂಗಿ ಸಣ್ಣದದ. ನಾ ಕೆಳಗ ಜಾರೋದಲ್ದೆ ಮಗ್ಗಲಕ್ಕೂ ಜಾರಲಾಕತ್ತೀನಿ.” ದೊಡ್ಡಬಾಯಿ ಇನ್ನೊಂದು ಇಟ್ಟಿಗೆ ತರಿಸಿದರು. ಅದರಿಂದ ಮಂಚ ಸಮವಾಯಿತು. ಗರ್ಭ ನಿಂತಿತೋ ಇಲ್ಲವೋ, ಅದಕ್ಕೂ ಇಟ್ಟಿಗೆಗೂ ಸಂಬಂಧವಿರಲಿಲ್ಲ ಎಂದು ಗೊತ್ತಾಗಲು ನಮಗೆ ಬಹಳ ವರ್ಷ ಹಿಡಿಯಿತು.

ಈಗ ನಿಮಗೆ ಸ್ಕ್ಯಾನಿಂಗ್ ಇದೆ, ರಕ್ತದ ತಪಾಸಣೆಗಳಿವೆ. ಒಂದು ಸಲ ಗರ್ಭ ಇಳಿದರೆ ಅದು ಬಹುಮಟ್ಟಿಗೆ ಆ ಒಂದು ಭ್ರೂಣದಲ್ಲೇ ಆದ ಆಕಸ್ಮಿಕ ಎಡವಟ್ಟು ಎಂದು ಧೈರ್ಯ ಹೇಳಬಹುದು. ಮತ್ತೆ ಮತ್ತೆ ಆದರೆ ಹುಡುಕಬೇಕು. ಗರ್ಭಕೋಶದ ಒಳಗೆ ಹುಟ್ಟಿನಿಂದಲೇ ಒಂದು ಪರದೆ ಇದ್ದೀತು. ಥೈರಾಯ್ಡ್ ಅಥವಾ ಸಕ್ಕರೆ ಹಿಡಿತ ತಪ್ಪಿದ್ದೀತು. ರಕ್ತ ಬೇಗ ಹೆಪ್ಪುಗಟ್ಟುವ ಒಂದು ತೊಂದರೆ ಇದ್ದೀತು. ಆ ಕೊನೆಯದು ಸಿಕ್ಕರೆ ನನಗೆ ಒಳಗೊಳಗೇ ಸಂತೋಷ, ಏಕೆಂದರೆ ಅದಕ್ಕೆ ಔಷಧವಿದೆ. ಹಾಗೆ ಸಿಕ್ಕ ಒಬ್ಬಳಿಗೆ ದಿನವೂ ಹೊಟ್ಟೆಯ ಚರ್ಮಕ್ಕೆ ಸೂಜಿ ಚುಚ್ಚಬೇಕಿತ್ತು. ಅವಳ ಗಂಡ ದರ್ಜಿ. “ಸೂಜಿ ಅಂದ್ರ ನಂದೇ ಕೆಲಸ ಅಲ್ರೀ” ಎಂದು ತಾನೇ ಕಲಿತುಕೊಂಡ. ಒಂಬತ್ತು ತಿಂಗಳು ಆಕೆ ಒಮ್ಮೆಯೂ ‘ಹಾ’ ಎನ್ನಲಿಲ್ಲವಂತೆ.

ಆದರೆ ಬಹಳಷ್ಟು ಜೋಡಿಗಳಲ್ಲಿ ಏನು ಹುಡುಕಿದರೂ ಕಾರಣ ಸಿಗುವುದಿಲ್ಲ. ಆಗ ‘ಗೊತ್ತಿಲ್ಲ’ ಎನ್ನಬೇಕು. ಆ ಮಾತು ಹೇಳುವುದನ್ನು ನನಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ. ಸೊಸೆಯನ್ನು ಕರೆತಂದಿದ್ದ ಒಬ್ಬ ವ್ಯಾಪಾರಿ ಮಾವನವರು ಕೇಳಿಯೇಬಿಟ್ಟರು: “ಗೊತ್ತಿಲ್ಲ ಅನ್ನಲಾಕ ಇಷ್ಟೆಲ್ಲಾ ಓದಬೇಕಾಗಿತ್ತೇನ್ರಿ ಬಾಯಿ?” ನಾನು ಹೌದೆಂದೆ. ಅವರ ಸೊಸೆಗೆ ನಾನು ಕೊಟ್ಟ ಚಿಕಿತ್ಸೆ ಇಷ್ಟೇ. ವಾರಕ್ಕೊಮ್ಮೆ ಬರಬೇಕು, ಕೂರಬೇಕು, ಮಗುವಿನ ಎದೆಬಡಿತ ನೋಡಬೇಕು, ಚಹಾ ಕುಡಿದು ಹೋಗಬೇಕು. ಮಗು ಹುಟ್ಟಿತು. ಮಾವನವರಿಗೆ ಮಾತ್ರ ನಾನು ಯಾವುದೋ ಔಷಧವನ್ನು ಚಹಾದಲ್ಲಿ ಹಾಕಿದೆನೆಂಬ ಗುಮಾನಿ ಕೊನೆಯವರೆಗೂ ಹೋಗಲಿಲ್ಲ.

ಇಷ್ಟು ಪೀಠಿಕೆ ಹಾಕಿದ್ದು ನಾಗಮ್ಮನ ಕಥೆ ಹೇಳಲಿಕ್ಕೆ.

ನನ್ನ ಮೊದಲ ನೌಕರಿ ಕಮಲಾಪುರದ ಆರೋಗ್ಯ ಕೇಂದ್ರದಲ್ಲಿ. ಆಗ ಅದು ಇನ್ನೂ ತಾಲೂಕು ಆಗಿರಲಿಲ್ಲ. ಬಂದ ವಾರದಲ್ಲೇ ನಾಗಮ್ಮ ಪರಿಚಯವಾದಳು. ಅವಳ ಗಂಡ ಶರಣಪ್ಪನದು ಕೆಂಪು ಬಾಳೆಯ ತೋಟ. ಒಬ್ಬನೇ ಮಗ, ಆಗ ಸೊಂಟದ ಮೇಲಿದ್ದ. ಓಣಿಯ ಹೆಂಗಸರಿಗೆ ಏನಾದರೂ ಅವರನ್ನು ಕೈಹಿಡಿದು ಕರೆತರುವವಳು ನಾಗಮ್ಮ. ರೋಗಿ ಯಾರೇ ಇರಲಿ, ಮಾತು ನಾಗಮ್ಮನದು. ನಾನು ರೋಗಿಗೆ “ಎಲ್ಲಿ ನೋವು?” ಎಂದರೆ ನಾಗಮ್ಮ ತನ್ನ ಸೊಂಟ ಮುಟ್ಟಿ ತೋರಿಸುತ್ತಿದ್ದಳು.

ಮುಂದೆ ನಾನು ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹತ್ತಿರದ ಓಣಿಯೊಂದರಲ್ಲಿ ದವಾಖಾನೆ ತೆರೆದೆ. ಗುಡಿಯಲ್ಲಿ ಕಾಯಿ ಒಡೆಸಿಕೊಂಡು, ಅದೇ ಚೀಲ ಹಿಡಿದು ನನ್ನ ಸಾಲಿಗೆ ಬಂದು ನಿಲ್ಲುವವರು ಬಹಳ. ಹಾಗೆಯೇ ಒಂದು ಸೋಮವಾರ ಹಣೆ ತುಂಬ ವಿಭೂತಿಯೊಂದಿಗೆ ನಾಗಮ್ಮ ಬಂದಳು. ಹಿಂದೆ ಮಗ, ಅವನ ಹಿಂದೆ ಸೊಸೆ.

“ಡಾಕ್ಟರಬಾಯಿ, ಇವ ರೇವಣಸಿದ್ಧ. ನೀವೇ ಸೂಜಿ ಹಾಕಿದ್ದಿರಲ್ಲ, ಆ ಕೂಸು. ಈಗ ಕಪನೂರದಾಗ ದಾಲ್‌ಮಿಲ್ ಮಷಿನ್ ರಿಪೇರಿ ಮಾಡ್ತಾನ. ಇಕಿ ನನ್ನ ಸೊಸಿ ಸಂಗೀತಾ, ಸಾಲಿ ಟೀಚರು. ಇಕಿಗಿ ಮೂರು ಸಲ ಹೊಟ್ಟಿ ಇಳದದ. ಯಾಕಂತ ನನಗ ಗೊತ್ತದ. ನೀವು ಹೌದು ಅನ್ರಿ, ಸಾಕು.”

ನನಗೆ ಉಳಿದಿದ್ದ ಕೆಲಸ ಮುದ್ರೆ ಒತ್ತುವುದಷ್ಟೇ. ನಾಗಮ್ಮ ಕಾರಣಗಳನ್ನು ಒಂದೊಂದಾಗಿ ಬಿಚ್ಚಿಟ್ಟಳು. ಸಂಗೀತಾ ಶಾಲೆಯ ಮೆಟ್ಟಿಲು ಹತ್ತುತ್ತಾಳೆ. ಸ್ಕೂಟಿ ಓಡಿಸುತ್ತಾಳೆ. ಮೊಬೈಲನ್ನು ಎದೆಯ ಹತ್ತಿರ ಹಿಡಿಯುತ್ತಾಳೆ. ಸಂಜೆಗೆ ಮಿರ್ಚಿಭಜಿ ತಿನ್ನುತ್ತಾಳೆ, ಅದೂ ನಿಂತುಕೊಂಡು.

“ಮಂಚದ್ದೂ ಹೇಳ್ರಿ ಅತ್ತಿ” ಎಂದಳು ಸಂಗೀತಾ. ಆಕೆ ಗಣಿತದ ಟೀಚರು. ಲೆಕ್ಕದಲ್ಲಿ ಏನನ್ನೂ ಬಿಡುವವಳಲ್ಲ. “ದಿಕ್ಕು ಸರಿಯಿಲ್ಲಂತ ಮಂಚ ನಾಕೂ ಕಡಿ ತಿರುಗಿಸ್ಯಾರ್ರಿ ಮೇಡಂ. ಈಗ ಬಾಗಲಕ್ಕ ಅಡ್ಡ ಅದ. ಕ್ವಾಣಿ ಒಳಗ ಹೋಗಬೇಕಂದ್ರ ಮಂಚ ಹತ್ತಿ ಇಳೀಬೇಕು. ಸಾಲಿ ಮೆಟ್ಟಲಾ ಮಾತ್ರ ಹತ್ತಬಾರದಂತ.”

ರೇವಣಸಿದ್ಧ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಸಂಗೀತಾಳ ತಪಾಸಣೆಗಳನ್ನೆಲ್ಲ ಮಾಡಿಸಿದೆ. ಗರ್ಭಕೋಶ ಸರಿ, ಥೈರಾಯ್ಡ್ ಸರಿ, ಸಕ್ಕರೆ ಸರಿ, ಹೆಪ್ಪುಗಟ್ಟುವ ತೊಂದರೆ ಇಲ್ಲ. ಉಳಿದದ್ದು ಗಂಡ ಹೆಂಡತಿ ಇಬ್ಬರ ವರ್ಣತಂತುಗಳ, ಅಂದರೆ ಕ್ರೋಮೊಸೋಮುಗಳ ತಪಾಸಣೆ. ಅದಕ್ಕೆ ಇಬ್ಬರದೂ ರಕ್ತ ಬೇಕು, ಹೈದರಾಬಾದಿಗೆ ಕಳಿಸಬೇಕು. ಹೇಳಿದ ಕೂಡಲೇ ರೇವಣಸಿದ್ಧ ಕ್ಯಾಲೆಂಡರಿನಿಂದ ಕಣ್ಣು ಕಿತ್ತ.

“ನಂದ್ಯಾಕ್ರಿ?”

ಅವನು ರಕ್ತಕ್ಕೆ ಹೆದರುವ ಮನುಷ್ಯನಾಗಿದ್ದರೆ ನನಗೆ ಅರ್ಥವಾಗುತ್ತಿತ್ತು. ಅವನು ಕಪನೂರಿನ ಹೆಸರಾಂತ ರಕ್ತದಾನಿ. ಎಲ್ಲಿ ಶಿಬಿರವಿದ್ದರೂ ಮೊದಲ ಮಂಚದ ಮೇಲೆ ಇವನೇ. ವರ್ಕ್‌ಶಾಪಿನ ಗೋಡೆಯ ತುಂಬ ಪ್ರಮಾಣಪತ್ರಗಳು ಎಂದು ತಾಯಿಯೇ ಹೇಳಿದ್ದಳು.

“ಒಂದು ಚಮಚ ರಕ್ತಪ್ಪ” ಎಂದೆ. “ನೀನು ಬಾಟಲಿಗಟ್ಟಲೆ ಕೊಡಾಂವ.”

“ದಾನಕ್ಕ ಎಷ್ಟರ ಕೊಡ್ತೀನ್ರಿ. ತಪಾಸಣಿಗಿ ಯಾಕ ಕೊಡಬೇಕು? ನನಗೇನಾಗ್ಯದ? ದಿನಾ ಕ್ವಿಂಟಲ್ ಮಷಿನ್ ಎತ್ತಿ ಇಡ್ತೀನಿ.”

“ಹೌದ್ರಿ ಬಾಯಿ, ಗಂಡ್ಸಿಂದ್ಯಾಕ?” ಎಂದಳು ನಾಗಮ್ಮ.

ಗಂಡಸರ ಈ ಮಾತನ್ನು ನನ್ನ ವೃತ್ತಿಯಲ್ಲಿ ಎಷ್ಟು ಕೇಳಿದ್ದೇನೆಂದರೆ, ಅದನ್ನು ಒಂದು ಫಲಕದಲ್ಲಿ ಬರೆಸಿ ಹೊರಗೆ ತೂಗುಹಾಕಿದ್ದರೆ ಎಲ್ಲರ ಸಮಯ ಉಳಿಯುತ್ತಿತ್ತು. ಅವರು ಆ ದಿನ ಹಾಗೆಯೇ ಎದ್ದು ಹೋದರು.

ಮುಂದಿನ ವಾರ ಸಂಗೀತಾ ಒಬ್ಬಳೇ ಬಂದಳು. ಕುರ್ಚಿಯ ತುದಿಗೆ ಕುಳಿತು, “ಮೇಡಂ, ಮನ್ಯಾಗ ಇನ್ನೊಂದು ಮದಿವಿ ಮಾತು ನಡದದ” ಎಂದಳು. “ಅತ್ತಿ ಬಾಯಿಬಿಟ್ಟು ಅಂದಿಲ್ಲ. ಆದ್ರ ಮಂದಿ ಅಂದ್ರ ಬ್ಯಾಡಾನೂ ಅನ್ನವಲ್ರು. ಇವರಂತೂ ಹೂಂನೂ ಅನ್ನಂಗಿಲ್ಲ, ಊಹೂಂನೂ ಅನ್ನಂಗಿಲ್ಲ. ಇನ್ನೊಂದು ಹೋದ್ರ ನನಗ ತಡಕೋಳ್ಳಾಕ ಆಗಂಗಿಲ್ರಿ. ಮಕ್ಕಳಿಲ್ಲ ಅಂಬೋದು ಒಂದು ದುಃಖ. ನಾನೇ ಕೊಂದೀನಿ ಅನ್ನೋಹಂಗ ನೋಡ್ತಾರಲ್ಲ, ಅದು ಬ್ಯಾರೆ.”

“ಗಂಡನ್ನ ಕರಕೊಂಡು ಬಾ” ಎಂದೆ.

ಅವರು ಬಂದ ದಿನ ನಾನು ಮತ್ತೆ ವರ್ಣತಂತುಗಳ ಪಾಠ ಶುರುಮಾಡಿದೆ. ಸಂಗೀತಾ ಕೈ ಎತ್ತಿ ನನ್ನನ್ನು ನಿಲ್ಲಿಸಿ, ಗಂಡನ ಕಡೆ ತಿರುಗಿದಳು.

“ತಪಾಸಣಿ ಅಂತ ತಿಳೀಬ್ಯಾಡ್ರಿ. ದಾನಾ ಅಂತ ತಿಳದೇ ಕೊಡ್ರಿ. ಗುರ್ತಿಲ್ಲದ ಮಂದಿಗೆಲ್ಲಾ ಕೊಟ್ಟೀರಿ. ಈ ಸಲ ನನಗ ಕೊಡ್ರಿ.”

ರೇವಣಸಿದ್ಧ ಅವಳನ್ನೇ ನೋಡಿದ. ಆಮೇಲೆ ಅಂಗಿಯ ತೋಳು ಮಡಿಚಿದ. ನಾನು ಮೂವತ್ತು ವರ್ಷ ಗಂಟಲು ಹರಿದುಕೊಂಡು ಹೇಳಿದ್ದನ್ನು ಅವಳು ನಾಲ್ಕು ಮಾತಿನಲ್ಲಿ ಮುಗಿಸಿದ್ದಳು.

ಕೊಟ್ಟ ಮೇಲೆ ಅವನಿಗೆ ಉತ್ಸಾಹ ಬಂತು. ಆ ವಾರ ಕೊರಿಯರ್‌ನವರಿಗೆ ರಜೆ ಇತ್ತು. ರಕ್ತವನ್ನು ತಾನೇ ರೈಲಿನಲ್ಲಿ ಒಯ್ಯುತ್ತೇನೆಂದ. ನಮ್ಮ ನರ್ಸು ಬಿಸಿಲಿಗೆ ಇಡಬೇಡಿ ಎಂದಷ್ಟೇ ಹೇಳಿದ್ದಳು. ಕಲಬುರಗಿಯ ಏಪ್ರಿಲ್ ತಿಂಗಳು. ಅವನು ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಐಸ್ ಕೊಂಡು, ಒಂದು ಡಬ್ಬಿಯಲ್ಲಿ ಟ್ಯೂಬುಗಳ ಸುತ್ತ ತುಂಬಿ, ಮೇಲೆ ಒದ್ದೆ ಟವೆಲ್ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಹೋದ. ಈ ತಪಾಸಣೆಗೆ ರಕ್ತದ ಕಣಗಳು ಬದುಕಿರಬೇಕು, ಪ್ರಯೋಗಾಲಯದಲ್ಲಿ ಬೆಳೆಯಬೇಕು. ಐಸಿಗೆ ತಾಗಿ ಮರಗಟ್ಟಿದರೆ ಮುಗಿಯಿತು. ಕಣಗಳು ಬೆಳೆಯಲಿಲ್ಲ, ಮತ್ತೆ ಕಳಿಸಿ ಎಂದು ಅಲ್ಲಿಂದ ಫೋನು ಬಂತು.

ರೇವಣಸಿದ್ಧನಿಗೆ ಅವಮಾನವಾಯಿತು. “ನನ್ನ ರಕ್ತದಾಗ ಜೀವ ಇಲ್ಲ ಅಂದ್ರ ಹ್ಯಾಂಗ್ರಿ? ಎಷ್ಟು ಮಂದಿಗಿ ಏರಿಸ್ಯಾರ ಅದನ್ನ.” ಸಿಟ್ಟಿನಲ್ಲೇ ಎರಡನೆಯ ಸಲ ತೋಳು ಚಾಚಿದ. ಈ ಸಲ ಕೊರಿಯರ್‌ನವನೇ ಒಯ್ದ.

ವರದಿ ಬಂದಾಗ ನಾನು ಗಂಡ ಹೆಂಡತಿಯನ್ನು ಮಾತ್ರ ಒಳಗೆ ಕರೆದೆ. ನಾಗಮ್ಮ ಹೊರಗೆ ಬೆಂಚಿನ ಮೇಲೆ ಅಪರಿಚಿತ ಹೆಂಗಸರಿಗೆ ಸಲಹೆ ಕೊಡುತ್ತಿದ್ದುದು ಕೇಳಿಸುತ್ತಿತ್ತು.

ಸಂಗೀತಾಳದು ಸರಿಯಿತ್ತು. ರೇವಣಸಿದ್ಧನ ಎರಡು ವರ್ಣತಂತುಗಳ ತುದಿಗಳು ಅದಲುಬದಲಾಗಿದ್ದವು. ನಾನು ಹೀಗೆ ಹೇಳಿದೆ: ಮನೆಯಲ್ಲಿ ಟ್ರಂಕುಗಳು ಜೋಡಿ ಜೋಡಿಯಾಗಿವೆ ಅಂತ ತಿಳಿಯಿರಿ. ಬೇರೆ ಬೇರೆ ಜೋಡಿಯ ಎರಡು ಟ್ರಂಕುಗಳ ಸ್ವಲ್ಪ ಸಾಮಾನು ಒಂದಕ್ಕೊಂದು ಅದಲುಬದಲಾಗಿದೆ. ಮನೆಯಲ್ಲಿ ಏನೂ ಕಡಿಮೆಯಿಲ್ಲ, ಹೆಚ್ಚೂ ಇಲ್ಲ. ಹಾಗಾಗಿ ಮನೆಯವನಿಗೆ ಯಾವ ತೊಂದರೆಯೂ ಇಲ್ಲ. ಆದರೆ ಮಗುವಿಗೆ ಪ್ರತಿ ಜೋಡಿಯಿಂದ ಒಂದೊಂದೇ ಟ್ರಂಕು ಹೋಗುತ್ತದೆ. ಆಗ ಕೆಲವು ಸಲ ಒಂದು ಸಾಮಾನು ಎರಡೆರಡು ಬರುತ್ತದೆ, ಇನ್ನೊಂದು ಬರುವುದೇ ಇಲ್ಲ. ಅಂಥ ಗರ್ಭ ಬೆಳೆಯಲಾರದೆ ಮೊದಲ ತಿಂಗಳುಗಳಲ್ಲೇ ಇಳಿಯುತ್ತದೆ. ಸರಿಯಾದ ಟ್ರಂಕುಗಳು ಬಿದ್ದರೆ ಮಗು ಚೆನ್ನಾಗಿಯೇ ಹುಟ್ಟುತ್ತದೆ.

ಅವನು ಕೇಳಿದ ಮೊದಲ ಪ್ರಶ್ನೆ ನಾನು ನಿರೀಕ್ಷಿಸಿದ್ದಲ್ಲ.

“ಬಾಯಿ, ನನ್ನ ರಕ್ತ ಏರಿಸಿಕೊಂಡ ಮಂದಿಗಿ ಏನರ ಆಗ್ತದೇನ್ರಿ?”

“ಏನೂ ಆಗಂಗಿಲ್ಲ. ನಿಶ್ಚಿಂತಿ ಇರು.”

“ಅಂದ್ರ ನಮ್ಮ ಮೂರೂ…”

“ಹಂಗೇ ಇರಬೇಕು. ಆದ್ರ ನೀನು ಮಾಡಿದ್ದು ಏನೂ ಇಲ್ಲಪ್ಪ. ಹುಟ್ಟಿದಾಗಿಂದ ಅದ. ಯಾರೂ ಮಾಡಿದ್ದಲ್ಲ.”

ಸಂಗೀತಾ ಮೇಜಿನ ಮೇಲೆ ಬಗ್ಗಿ ಮೆಲ್ಲಗೆ, “ಅತ್ತಿಗಿ ಹೇಳಬ್ಯಾಡ್ರಿ ಮೇಡಂ. ಏನೂ ಸಿಗಲಿಲ್ಲ ಅಂತ ಅನ್ರಿ. ಇವರಿಗಿ ಯಾಕ…” ಎಂದಳು.

ಅವಳು ಮಾತು ಮುಗಿಸುವಷ್ಟರಲ್ಲಿ ರೇವಣಸಿದ್ಧ ಎದ್ದು ಬಾಗಿಲು ತೆಗೆದು ತಾಯಿಯನ್ನು ಒಳಗೆ ಕರೆದಿದ್ದ.

“ಅವ್ವಾ, ಇದು ನನ್ನ ಕಡಿಂದ ಬಂದದ. ಸಂಗೀತಾಂದು ಎಲ್ಲಾ ಬರೋಬರಿ ಅದ. ಇನ್ನ ಮ್ಯಾಲ ಮೆಟ್ಟಲಾ, ಗಾಡಿ, ಭಜಿ ಯಾವುದೂ ತಗೀಬ್ಯಾಡ. ಇನ್ನೊಂದು ಮದಿವಿ ಅಂದೋರಿಗಿ ಇದನ್ನೇ ಹೇಳು.”

ನಾಗಮ್ಮ ಮಗನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನಾನು ಮತ್ತೆ ಟ್ರಂಕುಗಳನ್ನು ತೆರೆದು ಮುಚ್ಚಿ ತೋರಿಸಿದೆ.

“ಇವನಿಗಿ ಎಲ್ಲಿಂದ ಬಂತು ಇದು?”

“ತಂದೆಯಿಂದ ಬಂದಿರಬಹುದು, ತಾಯಿಯಿಂದ ಬಂದಿರಬಹುದು. ಕೆಲವು ಸಲ ಹೊಸದಾಗಿಯೂ ಆಗುತ್ತದೆ.”

ನಾಗಮ್ಮನ ಮುಖ ಒಮ್ಮೆಲೇ ಗೆಲುವಾಯಿತು. “ಇವರಪ್ಪನ ಕಡಿಂದೇ ಬಿಡ್ರಿ. ಆ ಮನಿತನದಾಗ ಯಾವುದೂ ಇಟ್ಟಲ್ಲಿ ಇರಂಗಿಲ್ಲ. ಅವರ ರಕ್ತ ತಗೋರಿ. ನಂದೂ ತಗೋರಿ, ನಾ ಅಂಜಂಗಿಲ್ಲ. ಒಮ್ಮೆ ಖರೇ ಸುಳ್ಳು ಆಗೇಬಿಡಲಿ.”

ಅಷ್ಟು ಅವಶ್ಯವೇನಿಲ್ಲ ಎಂದೆ. ಕೇಳುವವರಾರು? ಮರುವಾರ ಶರಣಪ್ಪನನ್ನು ಕರೆತಂದಳು. ಅವನು ಮಿತಭಾಷಿ. ಆ ಮನೆಯಲ್ಲಿ ಬೇರೆ ದಾರಿ ಇರಲಿಲ್ಲ. ತೋಳು ಚಾಚಿ, “ತಗೋರಿ ಬಾಯಿ. ಮನ್ಯಾಗ ಕಳದದ್ದೆಲ್ಲಾ ಕಡೀಕ ನನ್ನ ಕಿಸೇದಾಗೇ ಹುಡುಕ್ತಾಳ” ಎಂದ.

ವರದಿಯಲ್ಲಿ ಶರಣಪ್ಪನದು ಸರಿಯಿತ್ತು. ಅದಲುಬದಲು ನಾಗಮ್ಮನಲ್ಲಿತ್ತು.

ಇದನ್ನು ಫೋನಿನಲ್ಲಿ ಹೇಳಲು ನನಗೆ ಮನಸ್ಸಾಗಲಿಲ್ಲ. ಭಾನುವಾರ ನಾನೇ ಕಮಲಾಪುರಕ್ಕೆ ಹೋದೆ. ನಾಗಮ್ಮ ಪಡಸಾಲೆಯಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಶರಣಪ್ಪ ಹತ್ತಿರದಲ್ಲೇ ಹಗ್ಗ ಹೊಸೆಯುತ್ತಿದ್ದ. ನಾನು ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಕಾಳು ಸರಿಸಿ ಸರಿಸಿ, ಇಲ್ಲದ ಕಲ್ಲುಗಳನ್ನೂ ಆರಿಸಿದಳು.

“ನನಗೂ ಹೋಗಿದ್ವು ಬಾಯಿ” ಎಂದಳು ಕೊನೆಗೆ. “ಸಿದ್ಧನ ಮೊದಲೂ ಹೋಗಿದ್ವು, ಅವನ ಬೆನ್ನಿಗೂ ಹೋಗಿದ್ವು. ಎಷ್ಟಂತ ಎಣಿಸಲಾಕ ಹೋಗಿಲ್ಲ. ನಮ್ಮತ್ತಿ ಓಣ್ಯಾಗ ಯಾರ ಕುಬಸಕ್ಕೂ ನನಗ ಹೋಗಗೊಡ್ತಿರಲಿಲ್ಲ. ನನ್ನ ನೆರಳು ಬಿದ್ರ ಅವರದೂ ಇಳೀತದಂತ.”

ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ ಆರತಿ ಮಾಡುವ ಕುಬಸಕ್ಕೆ ಇಡೀ ಓಣಿಯ ಹೆಂಗಸರು ಹೋಗುತ್ತಾರೆ. ಆ ದಿನಗಳಲ್ಲಿ ಇವಳೊಬ್ಬಳು ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂರುತ್ತಿದ್ದಳಂತೆ.

“ನಮ್ಮವ್ವ ನನಗ ಇನ್ನೊಂದು ಹೆಣ್ಣೂ ನೋಡಿದ್ಳು” ಎಂದ ಶರಣಪ್ಪ, ಹಗ್ಗದಿಂದ ಕಣ್ಣೆತ್ತದೆ. “ನಾ ಒಲ್ಲೆ ಅಂದೆ.”

“ನಾಗಮ್ಮಾ, ನಾನು ಇಲ್ಲೇ ಇದ್ದೆನಲ್ಲ, ಆರೋಗ್ಯ ಕೇಂದ್ರದಾಗ. ಒಂದಿನಾ ಹೇಳಲಿಲ್ಲ ನೀನು.”

“ಮಂದೀದು ಹೇಳಲಾಕ ಬಾಯಿ ಬರ್ತಿತ್ತು. ನನ್ನದು ಹೇಳಲಾಕ ಬರಲಿಲ್ಲ.”

ಅಷ್ಟರಲ್ಲಿ ಸಂಗೀತಾ ಚಹಾ ತಂದಳು. ಅವಳಿಗೆ ಎಲ್ಲವೂ ಕೇಳಿಸಿತ್ತೆಂದು ಮುಖವೇ ಹೇಳುತ್ತಿತ್ತು. ನಾಗಮ್ಮ ಕಪ್ಪು ತೆಗೆದುಕೊಳ್ಳದೆ ಸೊಸೆಯನ್ನು ನೋಡಿದಳು. ಕ್ಷಮೆ ಕೇಳುವುದು ಆ ನಾಲಿಗೆಗೆ ರೂಢಿಯಿರಲಿಲ್ಲ.

“ಸಂಗೀತಾ” ಎಂದಳು, “ಸಿದ್ಧ ಬಂದ ಮ್ಯಾಲ ಆ ಮಂಚ ನೆಟ್ಟಗ ಹಾಕಿಸವ್ವ.”

ಸಂಗೀತಾ ನಗಲು ಹೋಗಿ ಅತ್ತಳು. ನಾಗಮ್ಮ ಸೆರಗಿನಿಂದ ಅವಳ ಮೂಗು ಒರೆಸಿದಳು, ಚಿಕ್ಕ ಮಕ್ಕಳಿಗೆ ಒರೆಸಿದ ಹಾಗೆ. ಚಹಾ ಆರಿಹೋಯಿತು. ಶರಣಪ್ಪ ತನ್ನದನ್ನು ಕುಡಿದು, ನನ್ನದನ್ನೂ ಕುಡಿದ.

ಮುಂದಿನದನ್ನು ಸಿಹಿಯಾಗಿಯೇ ಹೇಳಬೇಕೆಂದು ಆಸೆ, ಆದರೆ ಕಿರಿಯರಿಗೆ ಸುಳ್ಳು ಹೇಳಬಾರದು. ಹೈದರಾಬಾದಿನ ತಜ್ಞರು ಇರುವ ದಾರಿಗಳನ್ನೆಲ್ಲ ವಿವರಿಸಿದರು. ಗಂಡ ಹೆಂಡತಿ ತಾವಾಗಿಯೇ ಇನ್ನೊಮ್ಮೆ ನೋಡುತ್ತೇವೆಂದರು. ಅದೂ ಇಳಿಯಿತು. ಆ ಸಲ ನಾಗಮ್ಮ ಸೊಸೆಯ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದಳು. ಒಂದು ಮಾತೂ ಆಡಲಿಲ್ಲ. ನನ್ನ ನರ್ಸು ಹೆದರಿ, ಆಕೆಯ ಬಿ.ಪಿ. ನೋಡಲೇ ಎಂದು ನನ್ನನ್ನು ಕೇಳಿದಳು.

ಅದರ ಮುಂದಿನದು ನಿಂತಿತು. ಸಂಗೀತಾ ಮೆಟ್ಟಿಲು ಹತ್ತಿದಳು, ಸ್ಕೂಟಿ ಓಡಿಸಿದಳು, ಭಜಿ ತಿಂದಳು. ಭಜಿ ತರುವವಳು ನಾಗಮ್ಮನೇ. ನಾಲ್ಕನೆಯ ತಿಂಗಳು ದಾಟಿದ ಮೇಲೆ ಗರ್ಭದ ನೀರಿನ ತಪಾಸಣೆ ಮಾಡಿಸಿದರು. ಮಗುವಿಗೂ ತಂದೆಗಿರುವಂಥದೇ ಅದಲುಬದಲು. ಅಂದರೆ ಸಾಮಾನು ಪೂರ್ತಿ ಇದೆ, ಮಗು ಆರೋಗ್ಯವಾಗಿದೆ. ಕುಬಸಕ್ಕೆ ಕಮಲಾಪುರಕ್ಕೆ ಹೋಗಿದ್ದೆ. ಗರ್ಭ ನಿಲ್ಲದವರು, ಮಕ್ಕಳಾಗದವರು, ಯಾರೂ ಇಂಥ ಕಾರ್ಯಕ್ಕೆ ಕರೆಯದ ಹೆಂಗಸರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ನಾಗಮ್ಮ ಒಬ್ಬೊಬ್ಬರ ಮನೆಗೆ ತಾನೇ ಹೋಗಿ ಕರೆದು ಬಂದಿದ್ದಳಂತೆ. ಆರತಿಯ ತಟ್ಟೆಯನ್ನು ಮೊದಲು ಅವರ ಕೈಗೇ ಕೊಟ್ಟಳು. ಮೂಲೆಯಲ್ಲಿ ಒಂದಿಬ್ಬರು ಮುದುಕಿಯರು ಗೊಣಗಿದರು. ನಾಗಮ್ಮ ಅವರಿಗೆ ಟ್ರಂಕಿನ ವಿಷಯ ಹೇಳಲು ಹೊರಟಳು. ಅವರು ಗಡಿಬಿಡಿಯಿಂದ ಸುಮ್ಮನಾದರು.

ಹೆಣ್ಣು ಹುಟ್ಟಿತು. ಬಾಣಂತನ ಮುಗಿದು ತೋರಿಸಲು ಬಂದ ದಿನ ನನ್ನ ಕೋಣೆಯಲ್ಲಿ ಇಡೀ ಮನೆತನ ತುಂಬಿತ್ತು. ಮಗುವನ್ನು ತೂಗಿ, ನೋಡಿ, ತಂದೆಯ ತೊಡೆಯ ಮೇಲೆ ಕೊಟ್ಟೆ. ಅವನು ತನ್ನ ದೊಡ್ಡ ಬೆರಳುಗಳಿಂದ ಅದರ ಪುಟ್ಟ ಟೊಪ್ಪಿಗೆಯ ಲಾಡಿ ಕಟ್ಟುವ ಕೆಲಸಕ್ಕೆ ಕುಳಿತ.

“ಬಾಯಿ” ಎಂದಳು ನಾಗಮ್ಮ, “ಇಕಿಗೂ ಇದು ಅದ. ದೊಡ್ಡಾಕಿ ಆಗಿ ಗಂಡನ ಮನಿಗಿ ಹೋಗೋ ಮೊದಲ ಯಾರರ ಹೇಳಬೇಕಲ್ರಿ. ನನಗ ಯಾರೂ ಹೇಳಿರಲಿಲ್ಲ. ಆವಾಗ ನಾ ಇರ್ತೀನೋ ಇಲ್ಲೋ. ನೀವೂ ಮುದುಕಿ ಆಗಿರ್ತೀರಿ.”

“ಈಗೇನು ಹುಡುಗಿ ಇದ್ದೀನೇನು?” ಎಂದೆ.

“ಚೇಷ್ಟಿ ಬ್ಯಾಡ್ರಿ. ಹೇಳೋರು ಯಾರು?”

ಸಂಗೀತಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ರೇವಣಸಿದ್ಧ, ಲಾಡಿಯಿಂದ ಕಣ್ಣೆತ್ತದೆ, “ನಾ ಹೇಳ್ತೀನಿ” ಎಂದ. “ನಂದದು. ನಾನೇ ಕುಂದ್ರಿಸಿಕೊಂಡು ಹೇಳ್ತೀನಿ.”

ಟೊಪ್ಪಿಗೆ ಹಿಂದುಮುಂದಾಗಿತ್ತು. ಯಾರೂ ಸರಿಮಾಡಲು ಹೋಗಲಿಲ್ಲ.